ಪ್ರಶ್ನೋತ್ತರ: ಮಕ್ಕಳ ಭತ್ಯೆ, ಹೆರಿಗೆ ರಜೆ, ಕೀಟಾ (ಶಿಶುವಿಹಾರ), ಸಂಸಾರ – ಜರ್ಮನಿಯಲ್ಲಿರೋ ಕನ್ನಡಿಗರು ಮಮತಾ ಅವರನ್ನು ಕೇಳಿ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಮಮತಾ ಅವರು ಇಲ್ಲಿನ ಒಂದು ಕುಟುಂಬ ಸಲಹಾ ಕೇಂದ್ರದಲ್ಲಿ ಸಮಾಜ ಕಾರ್ಯಕರ್ತೆ. ಇವತ್ತು ಸಂಜೆವರೆಗೆ ಉತ್ತರ ಕೊಡುತ್ತಾರೆ. ಹೆಸರು ಬೇಡ ಅನ್ನುವವರು ಪ್ರಶ್ನೆಯನ್ನು ನನಗೆ ಕಳಿಸಿ, ನಾನೇ ಹಾಕುತ್ತೇನೆ. ಕೇಳುವ ಮುಂಚೆ ಮೇಲಿನ ಉತ್ತರಗಳನ್ನು ಓದಿ.

ವಿನಯ್, ಮ್ಯೂನಿಕ್: ನಮಸ್ಕಾರ ಮೇಡಂ. ಹೆಂಡತಿ, ಮಗಳು ಬಂದು ಹತ್ತು ತಿಂಗಳಾಯಿತು. ಕಿಂಡರ್‌ಗೆಲ್ಡ್‌ಗೆ ಇನ್ನೂ ಅರ್ಜಿ ಹಾಕಿಲ್ಲ. ಬ್ಲೂ ಕಾರ್ಡ್‌ನವರಿಗೂ, ಅಂದರೆ ನುರಿತ ಕೆಲಸಗಾರರ ಪರ್ಮಿಟ್‌ನಲ್ಲಿ ಬಂದವರಿಗೂ, ಈ ಮಕ್ಕಳ ಭತ್ಯೆ ಸಿಗುತ್ತಾ? ಹಳೇ ತಿಂಗಳುಗಳದ್ದೂ ಕೊಡ್ತಾರಾ?

ಮಮತಾ: ಸಿಗುತ್ತೆ. 2026ರ ಜನವರಿಯಿಂದ ಒಂದು ಮಗುವಿಗೆ ತಿಂಗಳಿಗೆ 259 ಯೂರೋ. 2025ರಲ್ಲಿ 255 ಇತ್ತು. ಹಳೇದು ಆರು ತಿಂಗಳದ್ದು ಮಾತ್ರ, ಉಳಿದದ್ದು ಹೋಯಿತು ಅಂತಲೇ ಲೆಕ್ಕ. ಮಗಳ ಟ್ಯಾಕ್ಸ್ ನಂಬರ್ ಬೇಕಾಗುತ್ತೆ. ವಿಳಾಸ ನೋಂದಣಿ ಆದ ಮೇಲೆ ಅಂಚೆಯಲ್ಲಿ ಬಂದಿರುತ್ತೆ, ಹುಡುಕಿ. ಈ ಭತ್ಯೆ ಕೊಡೋ ಕಚೇರಿ ಫಮೀಲಿಯನ್‌ಕಾಸ್ಸೆಗೆ ಇವತ್ತೇ ಅರ್ಜಿ ಹಾಕಿ.

ಪ್ರದೀಪ: ವಿನಯ್ ಸ್ವಲ್ಪ ತಡೀರಿ. ಈ ಮೆಸೇಜ್ ನೋಡಿದ್ರಾ? "ಎಚ್ಚರಿಕೆ! ಕಿಂಡರ್‌ಗೆಲ್ಡ್ ತೆಗೆದುಕೊಂಡರೆ ಸರ್ಕಾರದ ದುಡ್ಡಿನಲ್ಲಿ ಬದುಕಿದಂತೆ ಲೆಕ್ಕ. ಪಿಆರ್ (ಶಾಶ್ವತ ವಾಸದ ಪರವಾನಗಿ) ಅರ್ಜಿ ತಿರಸ್ಕಾರ ಆಗುತ್ತದೆ. ಎಲ್ಲ ಭಾರತೀಯರಿಗೂ ತಲುಪಿಸಿ."

ಮಮತಾ: ದಯವಿಟ್ಟು ಯಾರಿಗೂ ತಲುಪಿಸಬೇಡಿ. ವಿದೇಶಿಯರ ವಾಸದ ಕಾನೂನಿನಲ್ಲೇ ಸ್ಪಷ್ಟವಾಗಿ ಬರೆದಿದೆ. ಕಿಂಡರ್‌ಗೆಲ್ಡ್, ಎಲ್ಟರ್ನ್‌ಗೆಲ್ಡ್ (ಮಗು ನೋಡಿಕೊಳ್ಳೋಕೆ ಕೆಲಸ ಬಿಟ್ಟು ಮನೆಯಲ್ಲಿರೋ ಅಪ್ಪ ಅಮ್ಮನಿಗೆ ಕೊಡೋ ಭತ್ಯೆ), ಕಡಿಮೆ ಆದಾಯದವರಿಗೆ ಕೊಡೋ ಹೆಚ್ಚುವರಿ ಮಕ್ಕಳ ಭತ್ಯೆ, ನೀವೇ ಕಂತು ಕಟ್ಟಿ ಪಡೆಯೋ ನಿರುದ್ಯೋಗ ವಿಮೆ, ಇವು ಯಾವುವೂ "ಸರ್ಕಾರದ ದುಡ್ಡಿನ ಬದುಕು" ಅಲ್ಲ. ತೊಂದರೆ ಆಗಬಹುದಾದದ್ದು ಬ್ಯೂರ್ಗರ್‌ಗೆಲ್ಡ್ ಥರದ ಜೀವನ ನಿರ್ವಹಣೆ ನೆರವಿನಿಂದ. ಎರಡನ್ನೂ ಕಲಸಿ ಯಾರೋ ಒಂದು ಮೆಸೇಜ್ ಮಾಡಿದರು. ಅದನ್ನು ನಂಬಿ ವರ್ಷಗಟ್ಟಲೆ ಅರ್ಜಿ ಹಾಕದೆ ಕೂತ ಮನೆಗಳನ್ನು ನಾನು ನೋಡಿದ್ದೇನೆ.

ಅಶ್ವಿನಿ, ಹ್ಯಾಂಬರ್ಗ್: ಅಕ್ಕ, ನನಗೆ ಈಗ ಏಳು ತಿಂಗಳು. ಹೆರಿಗೆಗೆ ಮುಂಚೆ ನನ್ನ ಟ್ಯಾಕ್ಸ್ ಕ್ಲಾಸ್ 5ರಿಂದ, ಸಂಬಳದಲ್ಲಿ ಕಡಿಮೆ ತೆರಿಗೆ ಕಡಿತ ಆಗೋ 3ಕ್ಕೆ ಬದಲಿಸಿಕೊಂಡರೆ ಎಲ್ಟರ್ನ್‌ಗೆಲ್ಡ್ ಜಾಸ್ತಿ ಬರುತ್ತೆ ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು. ಈಗ ಮಾಡಿಸಲಾ?

ಮಮತಾ: ತಡ ಆಯಿತಮ್ಮ. ಹೆರಿಗೆ ರಜೆ ಶುರುವಾಗೋ ತಿಂಗಳಿಗೆ ಕನಿಷ್ಠ ಏಳು ತಿಂಗಳು ಮುಂಚೆ ಬದಲಾಗಿದ್ದರೆ ಮಾತ್ರ ಉಪಯೋಗ. ಅಂದರೆ ಗರ್ಭಿಣಿ ಅಂತ ಗೊತ್ತಾದ ಕೂಡಲೇ ಓಡಬೇಕು. ವಿಡಿಯೋದವರು ಇದನ್ನು ಹೇಳಲ್ಲ. ಈಗ ಇದ್ದ ಹಾಗೇ ಬಿಡಿ. ಕೈಗೆ ಬರುತ್ತಿದ್ದ ಸಂಬಳದ ಸುಮಾರು 65% ಸಿಗುತ್ತೆ, ಕನಿಷ್ಠ 300, ಗರಿಷ್ಠ 1800 ಯೂರೋ. ಯಜಮಾನರೂ ಎರಡು ತಿಂಗಳು ತೆಗೆದುಕೊಂಡರೆ ಒಟ್ಟು 14 ತಿಂಗಳು. ಮಗು ಹುಟ್ಟಿದ ಮೇಲೆ ಅರ್ಜಿ ತಡ ಮಾಡಬೇಡಿ, ಇದು ಹಿಂದಿನ ಮೂರು ತಿಂಗಳಿಗೆ ಮಾತ್ರ ಸಿಗುತ್ತೆ. ಆರೋಗ್ಯ ನೋಡಿಕೊಳ್ಳಿ.

ಸಂತೋಷ್: ಬ್ಲೂ ಕಾರ್ಡ್‌ನವರಿಗೆ ಕಿಂಡರ್‌ಗೆಲ್ಡ್ ಸಿಗುತ್ತಾ ಮೇಡಂ?

ಮಮತಾ: ಸಿಗುತ್ತೆ. ಮೇಲೆ ಇದೆ.

ಹರೀಶ್: ನನ್ನ ಮಗ ದಾವಣಗೆರೆಯಲ್ಲಿ ಅಜ್ಜಿ ಹತ್ತಿರ ಓದುತ್ತಿದ್ದಾನೆ. ಅವನಿಗೂ ಬರುತ್ತಾ? ಇಲ್ಲಿ ವಿಳಾಸ ನೋಂದಣಿ ಮಾಡಿಸಿಟ್ಟರೆ ಸಾಕು ಅಂತ ಗೆಳೆಯರು ಹೇಳಿದರು.

ಮಮತಾ: ಬರಲ್ಲ, ಮಗು ಇಲ್ಲಿ ವಾಸ ಇರಬೇಕು. ಗೆಳೆಯರು ಹೇಳಿದ್ದು ವಂಚನೆ. ಸಿಕ್ಕಿಬಿದ್ದರೆ ಅಷ್ಟೂ ದುಡ್ಡು ವಾಪಸ್ ಕಟ್ಟಬೇಕು, ಮೇಲೆ ಕೇಸು. ಆಗ ನಿಮ್ಮ ಪಿಆರ್‌ಗೆ ನಿಜವಾಗಿಯೂ ಕಲ್ಲು ಬೀಳುತ್ತೆ.

ರೂಪಾ, ಸ್ಟುಟ್‌ಗಾರ್ಟ್: ಮಗಳಿಗೆ 14 ತಿಂಗಳು. ಯಾವ ಕೀಟಾದಲ್ಲೂ ಸೀಟಿಲ್ಲ. ಕೆಲಸಕ್ಕೆ ವಾಪಸ್ ಹೋಗಬೇಕು. ಬರ್ಲಿನ್‌ನಲ್ಲಿ ಕೀಟಾ ಫ್ರೀ ಅಂತೆ, ಇಲ್ಲಿ ದುಡ್ಡು ಕೊಡ್ತೀನಿ ಅಂದರೂ ಇಲ್ಲ.

ಮಮತಾ: ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೆ ಸೀಟಿನ ಹಕ್ಕು ಇಡೀ ದೇಶಕ್ಕೆ ಒಂದೇ. 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಕಾನೂನಿನ ಹಕ್ಕಿದೆ. ಕಾಗದದ ಮೇಲಿದೆ, ಕೀಟಾದಲ್ಲಿ ಟೀಚರ್‌ಗಳಿಲ್ಲ, ಅದೇ ಕಥೆ. ನೀವು ಕೀಟಾಗಳ ಬಾಗಿಲು ತಟ್ಟುತ್ತಾ ಕೂರಬೇಡಿ. ನಗರದ ಮಕ್ಕಳ ಕಲ್ಯಾಣ ಕಚೇರಿಗೆ, ಅಂದರೆ ಯೂಗೆಂಡ್‌ಆಮ್ಟ್‌ಗೆ, ಬರವಣಿಗೆಯಲ್ಲಿ ಸೀಟು ಕೇಳಿ. ಇಲ್ಲ ಅಂದರೆ ಅದನ್ನೂ ಬರವಣಿಗೆಯಲ್ಲೇ ಕೇಳಿ. ಆ ಕಾಗದ ಇದ್ದರೆ ಆಡಳಿತ ನ್ಯಾಯಾಲಯಕ್ಕೆ ತುರ್ತು ಅರ್ಜಿ ಹಾಕಬಹುದು. ಲೈಪ್‌ಜಿಗ್‌ನ ಮೂವರು ತಾಯಂದಿರ ಕೇಸಿನಲ್ಲಿ 2016ರ ಅಕ್ಟೋಬರ್‌ನಲ್ಲಿ ಒಕ್ಕೂಟ ನ್ಯಾಯಾಲಯವೇ ಹೇಳಿದೆ: ತಪ್ಪು ನಗರಸಭೆಯದ್ದಾದರೆ, ಸೀಟಿಲ್ಲದೆ ಹೋದ ಸಂಬಳವನ್ನೂ ಕೇಳಬಹುದು. ಎಷ್ಟೋ ಸಲ ವಕೀಲರ ಪತ್ರ ಹೋದ ಮೇಲೆ ಸೀಟು "ಸಿಕ್ಕಿಬಿಡುತ್ತೆ".

ರೂಪಾ: ಯೂಗೆಂಡ್‌ಆಮ್ಟಾ?? ಮಕ್ಕಳನ್ನು ಎತ್ತಿಕೊಂಡು ಹೋಗ್ತಾರಲ್ಲ ಅವರಾ?

ಮಮತಾ: ಅವರೇ. ಕೀಟಾ ಸೀಟು ಕೊಡಬೇಕಾದವರೂ ಅವರೇ.

ಪ್ರದೀಪ: ಯೂಗೆಂಡ್‌ಆಮ್ಟ್ ಬಗ್ಗೆ ಒಂದು ಉಪಯುಕ್ತ ಪಟ್ಟಿ ಬಂದಿದೆ. "ಮಗುವಿಗೆ ಎಣ್ಣೆ ಸ್ನಾನ ಮಾಡಿಸಬೇಡಿ. ಅಪ್ಪ ಅಮ್ಮನ ಜೊತೆ ಮಲಗಿಸಬೇಡಿ. ಕೈ ತುತ್ತು ಹಾಕಬೇಡಿ. ಡಾಕ್ಟರ್ ಹತ್ತಿರ ಬಿದ್ದ ಗಾಯ ತೋರಿಸಬೇಡಿ..."

ಮಮತಾ: ಪ್ರದೀಪ್, ಆ ಕೊನೆಯ ಸಾಲನ್ನು ಅಳಿಸಿ. ಮಗು ಬಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಗಾಯ ಮುಚ್ಚಿಟ್ಟರೆ ಮಗುವಿಗೂ ಅಪಾಯ, ಅನುಮಾನವೂ ಜಾಸ್ತಿ. ಎಣ್ಣೆ ಸ್ನಾನಕ್ಕೆ ಯಾರೂ ಮಗುವನ್ನು ಒಯ್ಯಲ್ಲ. ಹೊಡೆಯೋದು ಮಾತ್ರ ಬೇರೆ ವಿಷಯ. 2000ನೇ ಇಸವಿಯಿಂದ ಇಲ್ಲಿ ಹೊಡೆತ ಇಲ್ಲದೆ ಬೆಳೆಯೋದು ಮಗುವಿನ ಹಕ್ಕು.

ದೀಪಾ, ಸ್ಟಾಕ್‌ಹೋಮ್: ನಮ್ಮ ಸ್ವೀಡನ್‌ನಲ್ಲಿ 1979ರಲ್ಲೇ ಬಂತು ಆ ಕಾನೂನು. ಪ್ರಪಂಚದಲ್ಲೇ ಮೊದಲು.

ನಾಗರಾಜ: ಒಂದೇಟು ತಿಂದೇ ನಾವೆಲ್ಲ ಇಂಜಿನಿಯರ್ ಆಗಿದ್ದು ತಾಯಿ.

ದೀಪಾ: ಏಟು ತಿಂದೂ ಇಂಜಿನಿಯರ್ ಆಗದವರು ಊರಲ್ಲಿ ಜಾಸ್ತಿ ಇದ್ದಾರೆ ಸರ್.

ಕಿರಣ್: ವೋನ್‌ಗೆಲ್ಡ್, ಅಂದರೆ ಬಾಡಿಗೆ ನೆರವು, ಸ್ಟೂಡೆಂಟ್ ವೀಸಾದವರಿಗೆ ಸಿಗುತ್ತಾ?

ನಿರ್ವಾಹಕರು: ಹೆಸರು ಬೇಡ ಅಂದವರ ಪ್ರಶ್ನೆ: "ಇದು ನನ್ನ ಸ್ನೇಹಿತೆಯ ವಿಷಯ. ಗಂಡನ ಜೊತೆ ಡಿಪೆಂಡೆಂಟ್ ವೀಸಾದಲ್ಲಿ ಬಂದು ಎರಡು ವರ್ಷ ಆಗಿದೆ. ನಾಲ್ಕು ವರ್ಷದ ಮಗ. ಗಂಡ ಅವಳ ಪಾಸ್‌ಪೋರ್ಟ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನೆ. ಬ್ಯಾಂಕ್ ಕಾರ್ಡ್ ಕೊಟ್ಟಿಲ್ಲ. ಕೈ ಮಾಡಿದ್ದಾನೆ. ಬಾಯಿ ಬಿಟ್ಟರೆ ವೀಸಾ ರದ್ದು ಮಾಡಿಸ್ತೀನಿ, ಮಗನನ್ನು ಯೂಗೆಂಡ್‌ಆಮ್ಟ್ ಎತ್ತಿಕೊಂಡು ಹೋಗುತ್ತೆ ಅಂತಾನೆ. ಈಗ ರಜೆಗೆ ಊರಿಗೆ ಟಿಕೆಟ್ ಮಾಡಿಸಿದ್ದಾನೆ, ಅವನಿಗೂ ಮಗನಿಗೂ ಮಾತ್ರ. ಅವಳು ಏನು ಮಾಡಬೇಕು?"

ಮಮತಾ: ಮೊದಲು ಒಂದು ಮಾತು. ಈ ಗುಂಪಿನಲ್ಲಿ ಆ ಗಂಡನೂ ಇರಬಹುದು, ಅವನ ಗೆಳೆಯರೂ ಇರಬಹುದು. ಊರಿನ ಹೆಸರು, ಮಗುವಿನ ಶಾಲೆ, ಇನ್ನೊಂದು ವಿವರ ಇಲ್ಲಿ ಹಾಕಬೇಡಿ. ಇದು ಅವಳ ಕಣ್ಣಿಗೆ ಬೀಳಲಿ ಅಂತ ಪೂರ್ತಿ ಬರೆಯುತ್ತೇನೆ.

ಅವನು ಕೈ ಎತ್ತಿದ ಕ್ಷಣಕ್ಕೆ 110, ಪೊಲೀಸ್. ಗಂಡನನ್ನು ಕೆಲವು ದಿನ ಮನೆಯಿಂದ ಹೊರಗೆ ಕಳಿಸೋ ಅಧಿಕಾರ ಪೊಲೀಸರಿಗೆ ಇದೆ. ಮನೆ ಬಾಡಿಗೆ ಕರಾರು ಅವನ ಹೆಸರಿನಲ್ಲಿದ್ದರೂ ಅಷ್ಟೇ. ಮಾತಾಡಿ ಸಲಹೆ ಕೇಳೋದಕ್ಕೆ 116 016, ಹೆಂಗಸರ ಮೇಲಿನ ಹಿಂಸೆಗೇ ಇರೋ ಸಹಾಯವಾಣಿ. ಹಗಲು ರಾತ್ರಿ, ಉಚಿತ, ಹೆಸರು ಹೇಳಬೇಕಿಲ್ಲ, ಇಂಗ್ಲಿಷ್‌ನಲ್ಲಿ ಮಾತಾಡಬಹುದು. ಆಮೇಲೆ ಫೋನಿನ ಕರೆ ಪಟ್ಟಿಯಿಂದ ನಂಬರ್ ಅಳಿಸಲಿ. ಅಥವಾ ಬೇರೆಯವರ ಫೋನಿಂದ ಮಾಡಲಿ, ಅದು ಇನ್ನೂ ಒಳ್ಳೆಯದು.

ವೀಸಾ. ಅವನು ರದ್ದು ಮಾಡಿಸೋಕೆ ಆಗಲ್ಲ. ಅದು ಕಚೇರಿಯ ಅಧಿಕಾರ, ಗಂಡನದ್ದಲ್ಲ. ಸಾಮಾನ್ಯವಾಗಿ ಇಲ್ಲಿ ಮೂರು ವರ್ಷ ಸಂಸಾರ ಮಾಡಿದ ಮೇಲೆ ಹೆಂಡತಿಗೆ ಸ್ವಂತ ಪರ್ಮಿಟ್ ಸಿಗುತ್ತೆ. ಆದರೆ ಮನೆಯಲ್ಲಿ ಹಿಂಸೆ ಇದ್ದರೆ ಮೂರು ವರ್ಷ ಕಾಯಬೇಕಿಲ್ಲ, ಕಾನೂನೇ ವಿನಾಯಿತಿ ಕೊಟ್ಟಿದೆ. ಆ ಸ್ವಂತ ಪರ್ಮಿಟ್‌ನ ಮೊದಲ ವರ್ಷದಲ್ಲಿ ಜೀವನ ನಿರ್ವಹಣೆ ನೆರವು ತೆಗೆದುಕೊಂಡರೂ ಅದೊಂದೇ ಕಾರಣಕ್ಕೆ ನಿರಾಕರಿಸೋ ಹಾಗಿಲ್ಲ. ಇದಕ್ಕೆ ಪುರಾವೆ ಬೇಕು. ಗಾಯ ಇದ್ದರೆ ಡಾಕ್ಟರ್ ಹತ್ತಿರ ಬರೆಸಿಕೊಳ್ಳಲಿ. ಫೋಟೋ, ಬೆದರಿಕೆ ಮೆಸೇಜು, ಪಾಸ್‌ಪೋರ್ಟ್ ಮತ್ತು ಪರ್ಮಿಟ್‌ನ ನಕಲು, ಎಲ್ಲ ಅವನ ಕೈಗೆ ಸಿಗದ ಕಡೆ ಇರಲಿ. ಬೇರೆಯಾಗಿದ್ದೇನೆ ಅಂತ ವಿದೇಶಿಯರ ಕಚೇರಿಗೆ ತಿಳಿಸೋ ಮುಂಚೆ ವಕೀಲರನ್ನು ಕಾಣಲಿ.

ಯೂಗೆಂಡ್‌ಆಮ್ಟ್. ಸಹಾಯ ಕೇಳಿ ಬಂದ ತಾಯಿಯಿಂದ ಮಗು ಕಿತ್ತುಕೊಳ್ಳೋದು ಅವರ ಕೆಲಸ ಅಲ್ಲ. ತಾಯಿ ತಂದೆ ಒಪ್ಪದಿದ್ದರೆ ಕೊನೆಯ ಮಾತು ಕುಟುಂಬ ನ್ಯಾಯಾಲಯದ್ದು. ಆದರೆ ಇನ್ನೊಂದು ಸತ್ಯ ಹೇಳಬೇಕು. ಮಗುವಿನ ಮುಂದೆ ಅಮ್ಮನಿಗೆ ಹೊಡೆಯೋದನ್ನೂ ಇಲ್ಲಿ ಮಗುವಿಗೆ ಆಗೋ ಹಾನಿ ಅಂತಲೇ ನೋಡುತ್ತಾರೆ. ಸುಮ್ನಿದ್ದರೆ ಮಗ ಸುರಕ್ಷಿತ ಅನ್ನೋದು ತಪ್ಪು ಲೆಕ್ಕ. ಪ್ರದೀಪ್ ಹಾಕಿದಂಥ ಪಟ್ಟಿಗಳಿಂದ ಯಾರಿಗೆ ಲಾಭ ಅಂತ ಈಗಲಾದರೂ ಗೊತ್ತಾಗಲಿ.

ನನಗೆ ಎಲ್ಲಕ್ಕಿಂತ ಹೆದರಿಕೆ ಆ ಟಿಕೆಟ್‌ದು. ಮಕ್ಕಳನ್ನು ಒಬ್ಬ ಪೋಷಕರು ಬೇರೆ ದೇಶಕ್ಕೆ ಒಯ್ದರೆ ವಾಪಸ್ ಕರೆಸೋದಕ್ಕೆ 1980ರ ಹೇಗ್ ಒಪ್ಪಂದ ಇದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಮಗ ಒಮ್ಮೆ ಬೆಂಗಳೂರಲ್ಲಿ ಇಳಿದ ಅಂದರೆ ಇವಳು ಅಲ್ಲಿನ ಕೋರ್ಟಿನಲ್ಲೇ ಹೋರಾಡಬೇಕು. ಎಷ್ಟು ವರ್ಷವೋ. ವಿಮಾನ ಹತ್ತೋ ಮುಂಚೆ ಮಾತ್ರ ಇದನ್ನು ತಡೆಯೋದು ಸುಲಭ. ಕುಟುಂಬ ನ್ಯಾಯಾಲಯ ತುರ್ತು ಆದೇಶ ಕೊಡಬಹುದು, ಗಡಿ ಪೊಲೀಸರಿಗೂ ತಿಳಿಸಬಹುದು. ಇವಳೂ ಅಷ್ಟೇ, ಹೆದರಿ ಮಗನನ್ನು ಕರೆದುಕೊಂಡು ಹೇಳದೆ ಊರಿಗೆ ಹಾರಬಾರದು. ಅದು ಇಲ್ಲಿ ಅಪರಾಧವಾಗಿ ಅವಳ ಮೇಲೇ ತಿರುಗಬಹುದು.

ಮನೆ ಬಿಡಬೇಕಾಗಿ ಬಂದರೆ ಫ್ರೌಎನ್‌ಹೌಸ್ ಇದೆ, ಹೆಂಗಸರು ಮಕ್ಕಳಿಗೆ ಆಶ್ರಯ. ವಿಳಾಸ ಗುಟ್ಟಾಗಿರುತ್ತೆ. ಜಾಗ ಸುಲಭವಾಗಿ ಸಿಗುತ್ತೆ ಅಂತ ಸುಳ್ಳು ಹೇಳಲ್ಲ. ಆಶ್ರಯ ಪಡೆಯೋದು ಕಾನೂನಿನ ಹಕ್ಕು ಅಂತ 2025ರಲ್ಲಿ ಕಾಯ್ದೆ ಮಾಡಿದರು, ಜಾರಿ ಮಾತ್ರ 2032ಕ್ಕೆ! ಇಷ್ಟು ಶ್ರೀಮಂತ ದೇಶಕ್ಕೆ ನಾಚಿಕೆ ಆಗಬೇಕು. ತನ್ನ ಊರಲ್ಲಿ ಇಲ್ಲದಿದ್ದರೆ ಪಕ್ಕದ ರಾಜ್ಯದಲ್ಲೂ ಹುಡುಕಿಸಬಹುದು.

ನಾಗರಾಜ: ಮೇಡಂ, ಒಂದು ಕಡೆ ಮಾತು ಕೇಳಿ ಪೊಲೀಸು, ಕೋರ್ಟು ಅಂತೀರಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಹಿರಿಯರು ಕೂತು ಮಾತಾಡಿದರೆ ಸರಿಹೋಗುತ್ತೆ.

ರೂಪಾ: ಪಾಸ್‌ಪೋರ್ಟ್‌ಗೆ ಬೀಗ ಹಾಕಿಟ್ಟು ಉಂಡು ಮಲಗೋದು ಹೇಗೆ ಸರ್?

ನಾಗರಾಜ: ಬೀಗದ ಕಥೆ ನೀವು ನೋಡಿದ್ರಾ? ಇಂಥ ಸಲಹೆಯಿಂದಲೇ ಇಲ್ಲಿ ಸಂಸಾರ ಒಡೆಯೋದು. ನಾವು ಸಂಬಳದಲ್ಲಿ ಇಷ್ಟು ತೆರಿಗೆ ಕಟ್ಟೋದು, ಇವರು ಅದರಲ್ಲಿ ಮನೆ ಮುರೀತಾರೆ. ಅದಕ್ಕೇ ಜರ್ಮನಿಯಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.35 ಮಗು.

ದೀಪಾ: ಕರ್ನಾಟಕದ್ದು 1.7. ಅಲ್ಲಿ ಯಾವ ಯೂಗೆಂಡ್‌ಆಮ್ಟ್ ಇದೆ?

ಗುರು, ಐಂಡ್‌ಹೋವನ್: ನಾಗರಾಜ್ ಸರ್ ಹೇಳಿದ್ದು ಪೂರ್ತಿ ಒಪ್ಪಲ್ಲ. ಆದರೆ ಸರ್ಕಾರನ ಕಣ್ಣು ಮುಚ್ಚಿ ನಂಬೋಕೂ ಆಗಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಶಿಶುವಿಹಾರದ ನೆರವು ಪಡೆದ ಸಾವಿರಾರು ಅಪ್ಪ ಅಮ್ಮಂದಿರನ್ನು ತೆರಿಗೆ ಇಲಾಖೆ ಕಳ್ಳರು ಅಂದಿತು. ಎರಡು ದೇಶದ ಪೌರತ್ವ ಇದ್ದವರ ಮೇಲೆ ವಿಶೇಷ ಕಣ್ಣು. ಮನೆ ಮಠ ಕಳಕೊಂಡರು. 2021ರ ಜನವರಿಯಲ್ಲಿ ಇಡೀ ಸಂಪುಟ ರಾಜೀನಾಮೆ ಕೊಡ್ತು. ಹೆದರಿಕೆ ಸುಮ್ನೆ ಹುಟ್ಟಲ್ಲ ಅಲ್ವಾ?

ಮಮತಾ: ಗುರು, ನೀವು ಹೇಳಿದ್ದು ನಿಜ. ಅದಕ್ಕೇ ಎಲ್ಲವನ್ನೂ ಬರವಣಿಗೆಯಲ್ಲಿ ಮಾಡಿ, ವಕೀಲರನ್ನು ಇಟ್ಟುಕೊಳ್ಳಿ ಅಂತ ನಾನು ಹೇಳೋದು. ನಾಗರಾಜ್ ಅವರೇ, ಹಿರಿಯರು ಕೂತು ಮಾತಾಡೋ ಹೊತ್ತಿಗೆ ಆ ಹುಡುಗ ಬೆಂಗಳೂರಲ್ಲಿರುತ್ತಾನೆ.

ನಾಗರಾಜ: ನಿಮ್ಮ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ.

ಮಮತಾ: ಹಾಗಾದರೆ ಮಾಡಬೇಡಿ.

ಸುಧಾಕರ್, ಫ್ರಾಂಕ್‌ಫರ್ಟ್: ಅಪ್ಪ ಅಮ್ಮನನ್ನು ಶಾಶ್ವತವಾಗಿ ಕರೆಸಿಕೊಳ್ಳಬಹುದಾ? ಅಪ್ಪನಿಗೆ ಪಾರ್ಶ್ವವಾಯು ಆಗಿದೆ. ಇಲ್ಲಿನ ಆರೈಕೆ ವಿಮೆಯಿಂದ ದುಡ್ಡು ಬರುತ್ತೆ ಅಂತಾರೆ.

ಮಮತಾ: ನಿಮ್ಮ ಬ್ಲೂ ಕಾರ್ಡ್ ಮೊದಲ ಸಲ ಸಿಕ್ಕಿದ್ದು 2024ರ ಮಾರ್ಚ್ 1 ಅಥವಾ ಆಮೇಲೆ ಆದರೆ ದಾರಿ ಇದೆ. ಅವರ ಖರ್ಚು, ಆರೋಗ್ಯ ವಿಮೆ ಎರಡನ್ನೂ ನೀವು ತೋರಿಸಬೇಕು. ಆ ವಯಸ್ಸಿಗೆ, ಆ ಕಾಯಿಲೆಗೆ ವಿಮೆ ಸಿಗೋದೇ ದೊಡ್ಡ ತಲೆನೋವು. ಆರೈಕೆ ವಿಮೆಯ ದುಡ್ಡು ಬಂದ ಕೂಡಲೇ ಸಿಗಲ್ಲ. ಹತ್ತು ವರ್ಷದಲ್ಲಿ ಕನಿಷ್ಠ ಎರಡು ವರ್ಷ ಆ ವಿಮೆಯಲ್ಲಿ ಇದ್ದಿರಬೇಕು. ಮೊದಲು ವಿಮೆ ವಿಚಾರಿಸಿ, ಆಮೇಲೆ ಅಪ್ಪನಿಗೆ ಆಸೆ ಹುಟ್ಟಿಸಿ.

ಕಿರಣ್: ಮೇಡಂ ವೋನ್‌ಗೆಲ್ಡ್?

ಮಂಜುಳಾ: ಪಿಂಚಣಿಗೆ ಕಟ್ಟಿದ್ದು ಊರಿಗೆ ವಾಪಸ್ ಹೋಗುವಾಗ ಸಿಗುತ್ತಾ? ಇವರ ಕಂಪನಿಯಲ್ಲಿ ಜನ ತೆಗೀತಾ ಇದ್ದಾರೆ. ರಾಜಿ ಪತ್ರಕ್ಕೆ ಸಹಿ ಹಾಕಿ ಅಂತ ಒತ್ತಾಯ.

ಮಮತಾ: ಸಹಿ ಹಾಕಬೇಡಿ, ಮೊದಲು ವಕೀಲರಿಗೆ ತೋರಿಸಿ. ನೀವಾಗೇ ಒಪ್ಪಿ ಬಿಟ್ಟಂತೆ ಆದರೆ ನಿರುದ್ಯೋಗ ಭತ್ಯೆ 12 ವಾರ ನಿಲ್ಲಬಹುದು. ಕೆಲಸ ಹೋಗೋದು ಮೂರು ತಿಂಗಳ ಒಳಗೆ ಅಂತಾದರೆ, ವಿಷಯ ಗೊತ್ತಾದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಬೇಕು. ಕೆಲಸ ನಿಂತರೆ ಎರಡು ವಾರದೊಳಗೆ ವಿದೇಶಿಯರ ಕಚೇರಿಗೂ ತಿಳಿಸಬೇಕು. ಮಕ್ಕಳಿದ್ದರೆ ಕೈಗೆ ಬರುತ್ತಿದ್ದ ಸಂಬಳದ 67%, ಇಲ್ಲದಿದ್ದರೆ 60%.

ಲೋಕೇಶ್: ಕಿಂಡರ್‌ಗೆಲ್ಡ್ ತಗೊಂಡ್ರೆ ಪಿಆರ್‌ಗೆ ಪ್ರಾಬ್ಲಂ ಅಂತ ಒಂದು ಮೆಸೇಜ್ ಬಂದಿದೆ, ನಿಜನಾ?

ರೂಪಾ: ಅಯ್ಯೋ ಮೇಲೆ ಓದ್ರೀ.

ಪ್ರದೀಪ: ನಾನು ಒಳ್ಳೆಯದಾಗಲಿ ಅಂತ ಹಾಕಿದೆ. ಎಲ್ಲರೂ ನನ್ನ ಮೇಲೇ ಬೀಳ್ತೀರಿ. ಫಾರ್ವರ್ಡ್ ಮಾಡೋದೂ ತಪ್ಪಾ?

ಮಮತಾ: ಓದದೆ ಮಾಡೋದು ತಪ್ಪು. ಆ ಪಟ್ಟಿ ಇನ್ನೂ ಅಲ್ಲೇ ಇದೆ, ಅಳಿಸಿ.

ನಿರ್ವಾಹಕರು: ಅಳಿಸಿದ್ದೇನೆ. ತೆರಿಗೆ, ಜನಸಂಖ್ಯೆ ಚರ್ಚೆಗೆ ಬೇರೆ ಎಳೆ ಮಾಡಿಕೊಳ್ಳಿ. ಹೆಸರು ಬೇಡ ಅಂದವರಿಂದ ಇನ್ನೊಂದು: "ಅವಳ ಹತ್ತಿರ ಒಂದು ಪೈಸೆ ಇಲ್ಲ. ಪಾಸ್‌ಪೋರ್ಟೂ ಇಲ್ಲ. ವಕೀಲರು ಹೇಗೆ ಸಿಗುತ್ತಾರೆ? ಮುಂದೆ ಮಗನ ಖರ್ಚಿಗೆ?"

ಮಮತಾ: ಊರಿನ ಅಮ್ಟ್‌ಸ್‌ಗೆರಿಖ್ಟ್‌ಗೆ, ಅಂದರೆ ಕೆಳಗಿನ ಕೋರ್ಟಿಗೆ ಹೋಗಿ ಸಲಹಾ ನೆರವಿನ ಚೀಟಿ ಕೇಳಲಿ. ಅದಿದ್ದರೆ ವಕೀಲರಿಗೆ 15 ಯೂರೋ ಕೊಟ್ಟರೆ ಸಾಕು, ಅದನ್ನೂ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಕೇಸು ನಡೆಸೋ ಖರ್ಚಿಗೆ ಬೇರೆ ನೆರವಿದೆ, ವಕೀಲರೇ ಅರ್ಜಿ ಹಾಕುತ್ತಾರೆ. ಬೇರೆಯಾದ ಮೇಲೆ ಕಿಂಡರ್‌ಗೆಲ್ಡ್ ಮಗ ಯಾರ ಜೊತೆ ಇರುತ್ತಾನೋ ಅವರಿಗೆ. ಗಂಡ ಜೀವನಾಂಶ ಕೊಡದಿದ್ದರೆ ಯೂಗೆಂಡ್‌ಆಮ್ಟೇ ಮುಂಗಡವಾಗಿ ಕೊಟ್ಟು ಅವನಿಂದ ವಸೂಲಿ ಮಾಡುತ್ತೆ, ಈ ವಯಸ್ಸಿನ ಮಗುವಿಗೆ ತಿಂಗಳಿಗೆ 227 ಯೂರೋವರೆಗೆ. ಪಾಸ್‌ಪೋರ್ಟ್‌ನ ಫೋಟೋ ಇದ್ದರೆ ಸದ್ಯಕ್ಕೆ ಸಾಕು. ಅದಕ್ಕಾಗಿ ಬೀರು ಒಡೆಯೋಕೆ ಹೋಗಿ ಏಟು ತಿನ್ನೋದು ಬೇಡ.

ಟಿಕೆಟ್ ಯಾವ ದಿನದ್ದು? ಇಲ್ಲಿ ಹಾಕಬೇಡಿ, ನಿರ್ವಾಹಕರಿಗೆ ಹೇಳಿ. ಅವರು ನನಗೆ ಫೋನ್ ಮಾಡಲಿ, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಕಿರಣ್: ವೋನ್‌ಗೆಲ್ಡ್ ಬಗ್ಗೆ ಯಾರಾದರೂ ಹೇಳ್ತೀರಾ?