ಅಪ್‌ಡೇಟ್: ದೇವಿಮನೆ ಘಾಟಲ್ಲಿ ಕಾರು ಬಿಸಿಯಾಗ್ತಿದ್ದಿದ್ದು ಯಾಕೆ ಅಂತ ಗೊತ್ತಾಯ್ತು

ಹೋದ ವಾರ ಕೇಳಿದ್ದೆ ಅಲ್ವಾ, ಕುಮಟಾದಿಂದ ಶಿರಸಿಗೆ ದೇವಿಮನೆ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ತದೆ, ರೇಡಿಯೇಟರಿಗೆ ನೀರು ಹಾಕಿದ್ರೆ ಸಾಕಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್, ಅದ್ರಲ್ಲೂ "ಬಿಸಿ ಇದ್ದಾಗ ಕ್ಯಾಪ್ ಮುಟ್ಲೇಬೇಡ ತಮಾ" ಅಂದವ್ರಿಗೆ.

ಭಾನುವಾರ ಮತ್ತೆ ಹಾಗೇ ಆಯ್ತು, ಅಮ್ಮ, ಮಗಳು ಇಬ್ರೂ ಕಾರಲ್ಲಿದ್ರು, ಮಳೆ ಬೇರೆ. ಏಸಿ ಆಫ್ ಮಾಡಿ, ಇಂಜಿನ್ ಬಿಸಿ ಸ್ವಲ್ಪ ಹೊರಗೆ ಬರ್ಲಿ ಅಂತ ಹೀಟರ್ ಫುಲ್ ಇಟ್ಟೆ, ತಿರುವಲ್ಲಿ ನಿಲ್ಲಿಸದೇ ಮುಂದೆ ಅಗಲ ಇರೋ ಜಾಗದಲ್ಲಿ ಎಡಕ್ಕೆ ಹಾಕಿ ಇಂಜಿನ್ ಬಂದ್ ಮಾಡಿ, ಹಜಾರ್ಡ್ ಲೈಟ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಕೆಂಪು ಎಚ್ಚರಿಕೆ ತ್ರಿಕೋನ ಮಾತ್ರ ಹಿಂದಿನ ತಿರುವಿಗಿಂತ ಮೊದ್ಲೇ ಇಟ್ಟು ಬಂದೆ, ಕಾರಿನ ಹತ್ರವೇ ಇಟ್ರೆ ತಿರುಗಿ ಬರೋ ಲಾರಿಯವ್ರಿಗೆ ಬ್ರೇಕ್ ಹಾಕೋಕೆ ಟೈಮೇ ಸಿಗೋದಿಲ್ಲ. ಅಮ್ಮನ್ನ, ಮಗಳನ್ನ ಕೊಡೆ ಕೊಟ್ಟು ರಸ್ತೆಯಿಂದ ದೂರ ನಿಲ್ಲಿಸಿದೆ, ಧರೆ ಬುಡದಲ್ಲಿ ಅಲ್ಲ, ಈ ಮಳೆಗೆ ಮಣ್ಣು ಯಾವಾಗ ಜಾರ್ತದೋ ಹೇಳೋಕಾಗಲ್ಲ.

ಮುಕ್ಕಾಲು ಗಂಟೆ ಕಾದೆವು. ರೇಡಿಯೇಟರ್ ಒಳಗೆ ಪ್ರೆಶರ್ ಇರೋದ್ರಿಂದ ಕೂಲಂಟ್ (ಇಂಜಿನ್ ತಂಪು ಮಾಡೋ ದ್ರವ) 100 ಡಿಗ್ರಿ ದಾಟಿದ್ರೂ ಕುದಿಯಲ್ಲ, ಕ್ಯಾಪ್ ತೆಗೆದ ಕೂಡ್ಲೇ ಮುಖಕ್ಕೇ ಚಿಮ್ತದೆ ಅಂತ ಮೆಕ್ಯಾನಿಕ್ ಆಮೇಲೆ ಹೇಳಿದ್ರು, ಕೇಳಿ ಮೈ ಜುಮ್ಮಂತು.

ಕಾರಣ ಸಣ್ಣದು, ರೇಡಿಯೇಟರ್ ಫ್ಯಾನ್ ಆನ್ ಮಾಡೋ ರಿಲೇ (ಕರೆಂಟ್ ಸ್ವಿಚ್) ಹೋಗಿತ್ತು. ಕುಮಟಾ ಕಡೆ ಹೆದ್ದಾರಿಲಿ ಸ್ಪೀಡಲ್ಲಿ ಹೋದ್ರೆ ಗಾಳಿನೇ ಸಾಕಾಗ್ತಿತ್ತು, ಘಾಟಲ್ಲಿ ಸೆಕೆಂಡ್ ಗೇರಲ್ಲಿ ಹತ್ತುವಾಗ ಫ್ಯಾನ್ ಬೇಕೇ ಬೇಕು. ರಿಲೇ ಬದಲಿಸಿ, ಒಳಗಿದ್ದ ಬರೀ ನೀರು ತೆಗೆದು ಕೂಲಂಟ್, ನೀರು ಅರ್ಧಕ್ಕರ್ಧ ಬೆರೆಸಿ ಹಾಕ್ಸಿದೆ. ನಿನ್ನೆ ಮತ್ತೆ ಹತ್ತಿದೆ, ಮುಳ್ಳು ಅರ್ಧ ದಾಟ್ಲಿಲ್ಲ. ತುರ್ತು ನಂಬರ್ 112, ಹೆದ್ದಾರಿ ಸಹಾಯವಾಣಿ 1033 ಎರಡೂ ಅಮ್ಮನ ಫೋನಲ್ಲೂ ಸೇವ್ ಮಾಡ್ಕೊಟ್ಟಿದೀನಿ.