ವೈಫೈ 7 ಈಗಲೇ ತಗೊಳ್ಳೋದಾ, ಇನ್ನೂ ಕಾಯೋದಾ?

ಪ್ರಶ್ನೆ (ವಿಜಯನಗರದಿಂದ):
ನಮಸ್ಕಾರ ಸರ್. ನಮ್ಮದೊಂದು ಟ್ಯೂಷನ್ ಸೆಂಟರ್ ಇದೆ. ಬಾಡಿಗೆ ಮನೆ, ಎರಡು ಮಹಡಿ. ಸಂಜೆ 40 ಮಕ್ಕಳು ಟ್ಯಾಬ್ ಹಿಡಿದು ಕೂರುತ್ತಾರೆ. 200 ಎಂಬಿಪಿಎಸ್ ಫೈಬರ್ ಪ್ಲಾನ್ ಇದೆ. ರೂಟರ್ 2017ರದ್ದು, ಕೆಳಗಡೆ ಇಟ್ಟಿದ್ದೇವೆ. ಮೇಲೆ ವಿಡಿಯೊ ಸುತ್ತುತ್ತಲೇ ಇರುತ್ತದೆ. ಎಸ್.ಪಿ. ರಸ್ತೆಯಲ್ಲಿ ಒಬ್ಬರು ವೈಫೈ 6 ಸಾಕು ಅಂದರು. ಪಕ್ಕದ ಅಂಗಡಿಯವರು 7 ತಗೊಳ್ಳಿ ಮೇಡಂ ಅಂದರು. ನನ್ನ ತಮ್ಮ ‘8 ಬರುತ್ತಂತೆ, ಸುಮ್ನಿರಕ್ಕ’ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ:
ಮೇಡಂ, ಮೊದಲು ತಮ್ಮನ ಮಾತು ಬಿಡಿ. ವೈಫೈನ ಮುಂದಿನ ತಲೆಮಾರಾದ 8ರ ಸ್ಟ್ಯಾಂಡರ್ಡ್ (ಎಲ್ಲ ಕಂಪನಿಗಳೂ ಪಾಲಿಸುವ ತಾಂತ್ರಿಕ ನಿಯಮ) ಬರೆದು ಮುಗಿಯುವುದು 2028ರ ಹೊತ್ತಿಗೆ ಅಂತ ಅಂದಾಜು. ಈಗ ಎಂಟನೇ ಕ್ಲಾಸಲ್ಲಿರುವ ಮಕ್ಕಳು ಅಷ್ಟರಲ್ಲಿ ನಿಮ್ಮ ಟ್ಯೂಷನ್ ಬಿಟ್ಟು ಹೋಗಿರುತ್ತಾರೆ.

ಹೊಸ ಸ್ಟ್ಯಾಂಡರ್ಡ್ ಪೂರ್ತಿ ಆಗುವ ದಿನಕ್ಕೂ ನಾವು ಕೊಳ್ಳುವ ದಿನಕ್ಕೂ ಅಷ್ಟೇನೂ ಸಂಬಂಧ ಇಲ್ಲ. ಬೇರೆ ಬೇರೆ ಕಂಪನಿಯ ಸಾಧನಗಳು ಒಂದಕ್ಕೊಂದು ಹೊಂದುತ್ತವೆ ಅಂತ ಪರೀಕ್ಷಿಸಿ ವೈಫೈ 6 ಸರ್ಟಿಫಿಕೇಟ್ ಕೊಡಲು ಶುರು ಮಾಡಿದ್ದು 2019ರ ಸೆಪ್ಟೆಂಬರ್‌ನಲ್ಲಿ, ಸ್ಟ್ಯಾಂಡರ್ಡ್‌ಗೆ ಒಪ್ಪಿಗೆ ಬಿದ್ದಿದ್ದು 2021ರಲ್ಲಿ. ವೈಫೈ 7 ಕೂಡ ಹಾಗೇ, ಸರ್ಟಿಫಿಕೇಟ್ 2024ರ ಜನವರಿಯಲ್ಲಿ, ಒಪ್ಪಿಗೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ನಾನು ನೋಡುವುದು ಸರ್ಟಿಫಿಕೇಟ್. ಇದು ಕೈ ಸುಟ್ಟುಕೊಂಡು ಕಲಿತ ಪಾಠ. 2006ರಲ್ಲಿ ಜಯನಗರದ ಒಂದು ಆಫೀಸಿಗೆ ಕರಡು ಹಂತದ ‘ಎನ್’ (ಈಗಿನ ಲೆಕ್ಕದಲ್ಲಿ ವೈಫೈ 4) ರೂಟರ್ ಹಾಕಿಸಿದ್ದೆ. ಬೇರೆ ಕಂಪನಿಯ ಕಾರ್ಡ್ ಜೊತೆ ಅದು ಮಾತೇ ಆಡಲಿಲ್ಲ. ಮರುವರ್ಷ ಎರಡನೇ ಕರಡಿಗೆ ಸರ್ಟಿಫಿಕೇಟ್ ಕೊಡಲು ಶುರು ಮಾಡಿದರು. ಆ ಡಬ್ಬಿಗಳು 2009ರಲ್ಲಿ ಅಂತಿಮ ಸ್ಟ್ಯಾಂಡರ್ಡ್ ಬಂದ ಮೇಲೂ ಚೆನ್ನಾಗೇ ನಡೆದವು. ಒಂದು ವರ್ಷದ ಆತುರಕ್ಕೆ ನಾನು ಬೈಸಿಕೊಂಡೆ, ಅಷ್ಟೇ.

ಈಗ ನಿಮ್ಮ ವಿಷಯ. ಆ ಟ್ಯಾಬ್‌ಗಳು ಯಾವ ವೈಫೈ? ಹಳೇ ವೈಫೈ 5 ಆಗಿದ್ದರೆ 7ರ ರೂಟರ್ ತಂದರೂ ಅವು 5ರ ಹಾಗೇ ಓಡುತ್ತವೆ. 6ರಲ್ಲಿ ಒಂದು ಒಳ್ಳೇ ಉಪಾಯ ಇದೆ. ಒಬ್ಬ ಪ್ರಯಾಣಿಕನಿಗೆ ಒಂದು ಬಸ್ ಬಿಡುವ ಬದಲು ಒಂದೇ ಬಸ್ಸಿನಲ್ಲಿ ಹತ್ತು ಜನರನ್ನು ಕೂರಿಸಿದ ಹಾಗೆ, ಹಲವು ಸಾಧನಗಳ ಡೇಟಾವನ್ನು ಒಟ್ಟಿಗೆ ಕಳಿಸುತ್ತದೆ. ತುಂಬಿದ ಕ್ಲಾಸ್‌ರೂಮಿಗೆ ಹೇಳಿ ಮಾಡಿಸಿದ್ದು. ಆದರೆ ಟ್ಯಾಬ್ ಕೂಡ 6 ಆಗಿದ್ದರೆ ಮಾತ್ರ ಆ ಬಸ್ಸಿಗೆ ಹತ್ತಬಹುದು.

ಮೇಲಿನ ಮಹಡಿಯ ತೊಂದರೆ ಬೇರೆಯೇ. ಮಧ್ಯೆ ಆರ್‌ಸಿಸಿ ಮೋಲ್ಡ್ ಇದೆ ಅಲ್ವಾ? ಅದನ್ನು ದಾಟುವುದು ಯಾವ ವೈಫೈಗೂ ಕಷ್ಟ. ಫ್ರೀಕ್ವೆನ್ಸಿ ಏರಿದಷ್ಟೂ ಇನ್ನೂ ಕಷ್ಟ. ಹಾಗಾಗಿ ಮಹಡಿಗೊಂದರಂತೆ ಎರಡು ವೈಫೈ 6 ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹರಡುವ ಡಬ್ಬಿ) ಹಾಕಿ, ಎರಡಕ್ಕೂ ಕೇಬಲ್ ಎಳೆಸಿ. ಈ ತಿಂಗಳೇ ಮಾಡಿಸಿ, ಕಾಯಬೇಡಿ.

ಮಧ್ಯೆ ಒಬ್ಬರು (ಯಲಹಂಕದಿಂದ):
ಸರ್, ನಾನು ಬಿಇ3600 ಅಂತ ಬರೆದಿರೋ ವೈಫೈ 7 ರೂಟರ್ ತಂದೆ. ಮೊಬೈಲಲ್ಲಿ 95 ಎಂಬಿಪಿಎಸ್ ಮೇಲೆ ಹೋಗಲ್ಲ. ಮೋಸ ಹೋದೆನಾ?

ಉತ್ತರ:
ಮೋಸ ಅಲ್ಲ, ಡಬ್ಬಿ ಮೇಲಿನ ಲೆಕ್ಕವೇ ಹಾಗೆ. 2.4 ಗಿಗಾಹರ್ಟ್ಸ್‌ನ 688 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನ 2882, ಎರಡನ್ನೂ ಕೂಡಿಸಿ ದೊಡ್ಡದು ಮಾಡಿ ಬರೆಯುತ್ತಾರೆ. ನಿಮ್ಮ ಪ್ಲಾನೇ 100 ಆಗಿದ್ದರೆ 95 ಬಂದಿದ್ದು ಸರಿಯಾಗೇ ಇದೆ. ಪ್ಲಾನ್ ಜಾಸ್ತಿ ಇದ್ದೂ 95ಕ್ಕೇ ನಿಂತರೆ ಫೈಬರ್ ಡಬ್ಬಿಯ ಪೋರ್ಟೋ, ಮಧ್ಯದ ಹಳೇ ಕೇಬಲ್ಲೋ 100ಕ್ಕೆ ಕಟ್ಟಿಹಾಕಿರುತ್ತದೆ.

ಇನ್ನೊಂದು ಮಾತು. ನಿಮ್ಮದರಲ್ಲಿ 6 ಗಿಗಾಹರ್ಟ್ಸ್ ಬ್ಯಾಂಡ್ ಇಲ್ಲ. ವೈಫೈ 7ರ ದೊಡ್ಡ 320 ಮೆಗಾಹರ್ಟ್ಸ್ ಚಾನೆಲ್ ಇರುವುದು ಅಲ್ಲೇ. ಅಮೆರಿಕದಲ್ಲಿ 2020ರಲ್ಲೇ ಆ ಬ್ಯಾಂಡಿನ 1200 ಮೆಗಾಹರ್ಟ್ಸ್ ಅನ್ನು ವೈಫೈಗೆ ಬಿಟ್ಟುಕೊಟ್ಟರು. ನಮ್ಮಲ್ಲಿ ಲೈಸೆನ್ಸ್ ಬೇಡ ಅನ್ನುವ ಕರಡು ನಿಯಮ ಬಂದಿದ್ದು 2025ರ ಮೇ ತಿಂಗಳಲ್ಲಿ, ಅದೂ ಕೆಳಗಿನ 500 ಮೆಗಾಹರ್ಟ್ಸ್‌ಗೆ ಮಾತ್ರ. ಅದರಲ್ಲಿ 320ರ ಚಾನೆಲ್ ಒಂದೇ ಒಂದು ಹಿಡಿಸುತ್ತದೆ. ಅಮೆರಿಕದಲ್ಲಿರೋ ಭಾವನ ಸೂಟ್‌ಕೇಸಲ್ಲಿ ರೂಟರ್ ತರಿಸೋ ಆಸೆ ಇದ್ದವರಿಗೂ ಇದನ್ನೇ ಹೇಳುತ್ತೇನೆ: ಇಲ್ಲಿ ಮಂಜೂರಾಗದ ಫ್ರೀಕ್ವೆನ್ಸಿಯಲ್ಲೂ ಅದು ಕೂಗುತ್ತದೆ. ತರಿಸಬೇಡಿ.

ಪ್ರಶ್ನೆ (ವಿಜಯನಗರದಿಂದ):
ಅರ್ಥ ಆಯ್ತು ಸರ್. ಆದರೆ ಓನರ್ ಗೋಡೆ ಕೊರೆಯಲು ಬಿಡಲ್ಲ. ವೈರ್‌ಲೆಸ್ ಮೆಶ್ (ಕೇಬಲ್ ಇಲ್ಲದೆ ಡಬ್ಬಿಗಳು ವೈಫೈನಲ್ಲೇ ಕೂಡಿಕೊಳ್ಳುವುದು) ಸಾಕಾಗಲ್ವಾ?

ಉತ್ತರ:
ಮನೆಗೆ ಸಾಕು, 40 ಟ್ಯಾಬ್‌ಗೆ ಬೇಡ. ಎರಡು ಡಬ್ಬಿ ಗಾಳಿಯಲ್ಲೇ ಮಾತಾಡಿಕೊಂಡರೆ ಮಕ್ಕಳ ಪಾಲಿನ ಗಾಳಿಯೂ ಅದಕ್ಕೇ ಹೋಗುತ್ತದೆ. ಹಳೇ ಕೇಬಲ್ ಟಿವಿ ವೈರ್ ಬಂದ ತೂತು ಇದ್ದೇ ಇರುತ್ತದೆ, ಹುಡುಕಿ. ಇಲ್ಲದಿದ್ದರೆ ಮೆಟ್ಟಿಲ ಪಕ್ಕ ಪ್ಲಾಸ್ಟಿಕ್ ಪಟ್ಟಿಯೊಳಗೆ ಹಾಯಿಸಿ. ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದು, ಓನರ್ ಕೂಡ ಬೇಡ ಅನ್ನಲ್ಲ.

ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ಹಾಕಿಸಿ, ವೈಫೈ 7 ಬಂದರೂ ವೈಫೈ 8 ಬಂದರೂ ಅದೇ ಕೇಬಲ್ ನಡೆಯುತ್ತದೆ. ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದೂ ಅಗ್ಗಕ್ಕೆ ಸಿಗುತ್ತದೆ, ಆದರೆ ಆಕ್ಸೆಸ್ ಪಾಯಿಂಟಿಗೆ ಅದೇ ಕೇಬಲ್ಲಿನಲ್ಲಿ ಕರೆಂಟ್ ಕೊಟ್ಟರೆ ಬಿಸಿಯಾಗುತ್ತದೆ. ದುಡ್ಡು ಕೊಡುವ ಮುಂಚೆ ತುದಿ ಸುಲಿದು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಟ್ಟುಬಿಡಿ.