ಚಂದ್ರನಲ್ಲಿ ನೀರು ಹುಡುಕುವವರಿಗೆ ನಮ್ಮೂರ ನೀರು ಕಾಣುವುದೇ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಇಂಡಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಬಗೆಯನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ, ನಸುಕಿನಲ್ಲೇ ಟ್ಯಾಂಕರಿನ ಪಾಳಿ ಹಿಡಿದು ನಾಲ್ಕು ಕೊಡ ನೀರು ತುಂಬಿಟ್ಟು ಬಂದಿದ್ದ ಹುಡುಗಿಯೊಬ್ಬಳು, "ಅಕ್ಕೋರೆ, ಚಂದ್ರನ ಮ್ಯಾಲ ನೀರು ಹುಡುಕೋರು ನಮ್ಮೂರಾಗ ಯಾಕ ಹುಡುಕಂಗಿಲ್ಲ?" ಎಂದು ಕೇಳಿದಳು. ಹೆಮ್ಮೆಯ ಮಾತು ಹೇಳಿ ಅವಳನ್ನು ಸುಮ್ಮನಿರಿಸಲು ನನಗೆ ಮನಸ್ಸಾಗಲಿಲ್ಲ. ದೇಶ ಈ ಬಾಹ್ಯಾಕಾಶ ಕಾರ್ಯಕ್ರಮವನ್ನು ಯಾವ ಉದ್ದೇಶದಿಂದ ಆರಂಭಿಸಿತು, ಅದರಲ್ಲಿ ನಮ್ಮಂಥ ಊರುಗಳಿಗೆ ಜಾಗವಿತ್ತೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ನೌಕರ, ವಿಜಯಪುರ

ಅಕ್ಕೋರೆ, ಜಾಗವಿತ್ತು, ಅದಕ್ಕೆ ನಾನೇ ಸಾಕ್ಷಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠಗಳನ್ನು ಬಿತ್ತರಿಸುವ 'ಸೈಟ್' ಪ್ರಯೋಗವನ್ನು ಇಸ್ರೋ ನಡೆಸಿತು. ಕರ್ನಾಟಕದಲ್ಲಿ ಆಯ್ದುಕೊಂಡದ್ದು ಗುಲಬರ್ಗಾ, ರಾಯಚೂರು ಹಾಗೂ ಬಾಗಲಕೋಟೆಯೂ ಒಳಗೊಂಡಿದ್ದ ಅಂದಿನ ವಿಜಾಪುರ ಜಿಲ್ಲೆಯನ್ನು. ಬೆಂಗಳೂರಿಗೇ ದೂರದರ್ಶನ ಕೇಂದ್ರವಿಲ್ಲದ ಕಾಲವದು. ನಮ್ಮ ಶಾಲೆಯ ಬಯಲಿನಲ್ಲಿ, ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ ನಿಲ್ಲಿಸಿದ್ದರು. ಮುಂಜಾನೆ ನಮಗೆ ಪಾಠ, ಸಂಜೆ ಊರವರಿಗೆ ಒಕ್ಕಲುತನ ಮತ್ತು ಆರೋಗ್ಯದ ಕಾರ್ಯಕ್ರಮ. ಹೊಲದಿಂದ ಬಂದ ನಮ್ಮವ್ವ ಬುತ್ತಿಗಂಟನ್ನು ಮಡಿಲಲ್ಲಿಟ್ಟುಕೊಂಡೇ ಕೂತು ನೋಡುತ್ತಿದ್ದಳು. ವರ್ಷ ಮುಗಿದು ಉಪಗ್ರಹ ಹಿಂದಿರುಗಿದಾಗ ಪೆಟ್ಟಿಗೆ ಮೂಕವಾಯಿತು. ಸ್ವಂತದ ಉಪಗ್ರಹವಿರದಿದ್ದರೆ ಏನಾಗುತ್ತದೆಂಬುದು ಹುಡುಗನಾಗಿದ್ದ ನನಗೆ ಅಂದೇ ತಿಳಿಯಿತು.

ಉತ್ತರ: ಭೂವಿಜ್ಞಾನಿ, ಬಾಗಲಕೋಟೆ

ಹುಡುಗಿಯ ಪ್ರಶ್ನೆ ನೀರಿನದಾದ್ದರಿಂದ ಅದನ್ನೇ ಹೇಳುತ್ತೇನೆ. ನೆಲದೊಳಗಿನ ನೀರು, ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳ ಕ್ಯಾಮೆರಾಗಳಿಗೆ ಕಾಣುವುದಿಲ್ಲ. ಅದರ ಕುರುಹು ಕಾಣುತ್ತದೆ. 1988ರ ಮಾರ್ಚ್ 17ರಂದು ಅಂದಿನ ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಹಾರಿದ ನಮ್ಮ ದೇಶದ ಉಪಗ್ರಹ ಐಆರ್‌ಎಸ್-1ಎ, 22 ದಿನಕ್ಕೊಮ್ಮೆ ಅದೇ ನೆಲದ ಚಿತ್ರ ತೆಗೆಯುತ್ತಿತ್ತು. ನಾವು ಬಳಸುವ ಇಂಥ ಚಿತ್ರಗಳಲ್ಲಿ ಹಸಿರು ಬೆಳೆ ಕೆಂಪಾಗಿ ತೋರುತ್ತದೆ. ಬೇಸಿಗೆಯ ಚಿತ್ರ ತೆರೆದರೆ ಮುಧೋಳದ ಸುತ್ತ ಘಟಪ್ರಭೆಯ ದಂಡೆಯ ಕಬ್ಬು ಕಡುಗೆಂಪು ಪಟ್ಟಿಯಾಗಿ ಹೊಳೆಯುತ್ತದೆ. ಬತ್ತಿದ ಎರೆಹೊಲಗಳ ನಡುವೆ ಗಿಡಗಂಟಿಗಳ ತೆಳುವಾದ ಕೆಂಪು ಗೆರೆಯೊಂದು ನೇರವಾಗಿ ಹಾದುಹೋಗಿದ್ದರೆ, ಅದರಡಿ ಬಂಡೆಯಲ್ಲಿ ಬಿರುಕಿರುವ ಸಂಭವ ಹೆಚ್ಚು. ವಿಜಯಪುರದ ಕರಿಕಲ್ಲಿನಲ್ಲಿ ನೀರು ಕೂಡುವುದೇ ಇಂಥ ಬಿರುಕುಗಳಲ್ಲಿ ಮತ್ತು ಶಿಥಿಲಗೊಂಡ ಪದರಗಳಲ್ಲಿ. ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್ನಿಗಾಗಿ ಇಂಥ ಚಿತ್ರಗಳಿಂದಲೇ ಅಂತರ್ಜಲ ನಕ್ಷೆಗಳನ್ನು ಸಿದ್ಧಪಡಿಸಲಾಯಿತು. ಆ ನಕ್ಷೆ ಹಿಡಿದು ಹೊಲಕ್ಕೆ ಹೋಗಿ, ನೆಲದ ವಿದ್ಯುತ್ ರೋಧ ಅಳೆದು, ಕೊಳವೆಬಾವಿಯ ಜಾಗ ಗುರುತಿಸುತ್ತೇವೆ. ಆದ್ದರಿಂದ 'ಹುಡುಕಿದ್ದಾರಮ್ಮಾ' ಎಂದು ಅವಳಿಗೆ ಧೈರ್ಯವಾಗಿ ಹೇಳಿ. ಮಳೆ ತುಂಬಿಸುವುದಕ್ಕಿಂತ ಬೇಗ ನಾವು ಎತ್ತಿ ಬರಿದು ಮಾಡಿದ್ದನ್ನೂ ಮುಚ್ಚಿಡಬೇಡಿ.

ಉತ್ತರ: ಉಪನ್ಯಾಸಕ, ಬೆಳಗಾವಿ

ಒಂದು ಮಾತು ಸೇರಿಸುತ್ತೇನೆ. ಚಂದ್ರಯಾನ ಮತ್ತು ಆ ನಕ್ಷೆಗಳ ಉದ್ದೇಶ ಒಂದೇ ಎಂದು ಮಕ್ಕಳಿಗೆ ಹೇಳಬಾರದು. ಚಂದ್ರನ ಶೋಧದಲ್ಲಿ ಶ್ರೀಮಂತ ದೇಶಗಳೊಡನೆ ಪೈಪೋಟಿ ನಡೆಸುವುದು ನಮ್ಮ ಗುರಿಯಲ್ಲವೆಂದು, ದೇಶದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ವಿಕ್ರಮ್ ಸಾರಾಭಾಯಿ ಅವರು ಸ್ಪಷ್ಟವಾಗಿಯೇ ಹೇಳಿದ್ದರು. 2008ರ ಚಂದ್ರಯಾನ-1ರಿಂದ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಈಗಿನ ಗಗನಯಾನ ಯೋಜನೆಯವರೆಗೆ ಗುರಿ ಹಿಗ್ಗಿದೆ. ಅರಿವಿಗಾಗಿ ನಡೆಯುವ ಶೋಧಕ್ಕೂ ದೇಶದಲ್ಲಿ ಸ್ಥಾನವಿರಬೇಕೆಂದೇ ನಾನು ನಂಬಿದ್ದೇನೆ. ಆದರೆ ಅದರ ಸಂಭ್ರಮದಲ್ಲಿ ಹಳ್ಳಿಯ ನಕ್ಷೆಯ ಕೆಲಸ ಹಿಂದೆ ಬೀಳಬಾರದು. ಇಸ್ರೋದ 'ಭುವನ್' ಜಾಲತಾಣದಲ್ಲಿ ನಿಮ್ಮ ಊರಿನ ಉಪಗ್ರಹ ಚಿತ್ರವನ್ನು ಮಕ್ಕಳೇ ನೋಡಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ತರಗತಿಯಲ್ಲಿ 'ಭುವನ್' ತೆರೆದು, ಮೊದಲು ಅವಳ ಓಣಿಯ ಬಾವಿಯನ್ನು ಅವಳಿಂದಲೇ ಹುಡುಕಿಸುತ್ತೇನೆ. ಬಾಗಲಕೋಟೆಯ ಸರ್, ನಮ್ಮ ತಾಲ್ಲೂಕಿನ ಬೇಸಿಗೆಯ ಕೆಂಪು ಚಿತ್ರ ತಮ್ಮಲ್ಲಿದ್ದರೆ ದಯವಿಟ್ಟು ಇಲ್ಲಿ ಹಾಕಿ.